ಪದದ ಮೂಲ ಹುಡುಕುವಾಗ ಕಿವಿಯನ್ನು ನಂಬಬೇಡಿ

ಕನ್ನಡದ ‘ಕೊಲ್ಲು’, ಇಂಗ್ಲಿಷಿನ ‘ಕಿಲ್’. ನಮ್ಮ ‘ನೇರ’, ಅವರ ‘ನಿಯರ್’. ಇಂಥ ಜೋಡಿಗಳ ಪಟ್ಟಿ ವಾಟ್ಸಾಪಿನಲ್ಲಿ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಕೊನೆಗೆ ‘ಎಲ್ಲ ಭಾಷೆಗಳ ತಾಯಿ’ ಯಾರೆಂಬ ಜಗಳಕ್ಕೆ ಬಂದು ನಿಲ್ಲುತ್ತದೆ. ಪಟ್ಟಿ ಮಾಡಿದವರನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಅವರಿಗೆ ಕೇಳಿಸಿದ ಹೋಲಿಕೆಯೇನೂ ಸುಳ್ಳಲ್ಲ. ಅದನ್ನು ಪುರಾವೆ ಎಂದುಕೊಳ್ಳುವಲ್ಲಿ ಎಡವಟ್ಟಾಗುತ್ತದೆ. ಎರಡು ಭಾಷೆಗಳಲ್ಲಿ ಸಾವಿರಾರು ಪದಗಳಿರುವಾಗ, ಧ್ವನಿಯಲ್ಲೂ ಅರ್ಥದಲ್ಲೂ ಹತ್ತಿರ ಬರುವ ಕೆಲವು ಜೋಡಿ ಆಕಸ್ಮಿಕವಾಗಿಯೇ ಸಿಗುತ್ತವೆ. ಸಿಗದಿದ್ದರೇ ಆಶ್ಚರ್ಯ.

ಇದಕ್ಕೆ ಹೆಸರಾಂತ ಉದಾಹರಣೆ ಗ್ರೀಕಿನ ‘ಥೆಯೋಸ್’ ಮತ್ತು ಲ್ಯಾಟಿನ್ನಿನ ‘ದೇಉಸ್’. ಎರಡಕ್ಕೂ ‘ದೇವರು’ ಎಂದೇ ಅರ್ಥ. ಎರಡು ಭಾಷೆಗಳೂ ಒಂದೇ ಕುಟುಂಬದವು, ನೆರೆಹೊರೆಯವು. ಆದರೂ ಈ ಎರಡು ಪದಗಳಿಗೆ ಸಂಬಂಧವಿಲ್ಲ. ಗ್ರೀಕ್ ಪದದ ಮೊದಲಲ್ಲಿ ‘ಥ’ ಇದ್ದರೆ ಲ್ಯಾಟಿನ್ನಿನಲ್ಲಿ ಅದರ ಜಾಗದಲ್ಲಿ ‘ಫ’ ಬರುತ್ತದೆ: ಗ್ರೀಕಿನ ‘ಥೂಮೋಸ್’ಗೆ ಲ್ಯಾಟಿನ್ನಿನಲ್ಲಿ ‘ಫೂಮುಸ್’ (ನಮ್ಮ ಸಂಸ್ಕೃತದ ‘ಧೂಮ’), ಬಾಗಿಲಿಗೆ ಗ್ರೀಕಿನಲ್ಲಿ ‘ಥೂರಾ’, ಲ್ಯಾಟಿನ್ನಿನಲ್ಲಿ ‘ಫೋರಿಸ್’. ‘ದ’ ಇದ್ದಲ್ಲಿ ಎರಡರಲ್ಲೂ ‘ದ’ಯೇ: ‘ದೆಕ’ – ‘ದೆಕೆಮ್’, ಅಂದರೆ ಹತ್ತು. ಈ ಲೆಕ್ಕದಲ್ಲಿ ‘ಥೆಯೋಸ್’ಗೆ ಲ್ಯಾಟಿನ್ನಿನಲ್ಲಿ ‘ಫ’ದಿಂದ ಶುರುವಾಗುವ ಬಂಧು ಇರಬೇಕೇ ಹೊರತು ‘ದ’ದಿಂದಲ್ಲ. ‘ದೇಉಸ್’ನ ನಿಜವಾದ ನೆಂಟರು ಸಂಸ್ಕೃತದ ‘ದೇವ’ ಮತ್ತು ಗ್ರೀಕಿನ ‘ಝೆಯುಸ್’. ಕಿವಿಗೆ ದೂರ ಕೇಳುವ ‘ಥೂರಾ’ – ‘ಫೋರಿಸ್’ ಒಂದೇ ಬಳ್ಳಿಯವು, ಹತ್ತಿರ ಕೇಳುವ ‘ಥೆಯೋಸ್’ – ‘ದೇಉಸ್’ ಬೇರೆ ಬೇರೆ. ನೋಡಬೇಕಾದದ್ದು ಹೋಲಿಕೆಯನ್ನಲ್ಲ, ಒಂದು ಪದದಲ್ಲಿ ಕಂಡ ಧ್ವನಿ ಬದಲಾವಣೆ ಇನ್ನೊಂದರಲ್ಲೂ ಅದೇ ರೀತಿ ನಡೆದಿದೆಯೇ ಎಂಬುದನ್ನು.

ನಾವಿಲ್ಲಿ ನೋಡಲಿರುವ ಗ್ರೀಕ್ ಮತ್ತು ಈಜಿಪ್ಟಿನ ಭಾಷೆಗಳು ಒಂದೇ ಕುಟುಂಬದವಲ್ಲ. ಗ್ರೀಕ್ ಮತ್ತು ಕನ್ನಡವೂ ಅಲ್ಲ. ಹಾಗಾಗಿ ಇವುಗಳ ನಡುವೆ ಹಂಚಿಕೆಯಾದ ಪದ ಸಿಕ್ಕರೆ ಅದು ಸಾಲವಾಗಿ ಬಂದದ್ದೇ ಆಗಿರಬೇಕು. ಸಾಲದ ಪದಕ್ಕೆ ಧ್ವನಿನಿಯಮ ಮಾತ್ರ ಸಾಲದು, ದಾರಿಯೂ ಬೇಕು: ಯಾರು, ಯಾವ ವಸ್ತುವಿನ ಜೊತೆ, ಯಾವ ಶತಮಾನದಲ್ಲಿ, ಯಾವ ಬಂದರಿನ ಮೂಲಕ ಹೊತ್ತು ತಂದರು?

ಸ್ವರವಿಲ್ಲದ ಲಿಪಿಯಲ್ಲಿ ಸ್ವರ ಹುಡುಕುವುದು

ಈಜಿಪ್ಟಿನ ಚಿತ್ರಲಿಪಿಯ ದೊಡ್ಡ ತೊಡಕು ಅದರಲ್ಲಿ ಸ್ವರಗಳಿಲ್ಲದಿರುವುದು. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ ಅದನ್ನು ಓದುವ ದಾರಿ ತೆರೆದರೂ ನಮಗೆ ದಕ್ಕಿದ್ದು ವ್ಯಂಜನಗಳ ಎಲುಬುಗೂಡು ಮಾತ್ರ. ಪುಸ್ತಕಗಳಲ್ಲಿ ಕಾಣುವ ‘ನೆಫರ್’, ‘ಹೆತೆಪ್’ ಮುಂತಾದವುಗಳ ‘ಎ’ಕಾರ ಉಚ್ಚಾರಣೆಯ ಅನುಕೂಲಕ್ಕೆ ವಿದ್ವಾಂಸರು ಸೇರಿಸಿಕೊಂಡದ್ದು. ಆ ‘ಎ’ಕಾರವನ್ನೇ ಹಿಡಿದು ಕನ್ನಡದ ಯಾವುದೋ ಪದಕ್ಕೆ ತಾಳೆ ಹಾಕುವವರಿದ್ದಾರೆ. ಅದು ಮುದ್ರಣಾಲಯದವರು ಹಾಕಿದ ಪುಟಸಂಖ್ಯೆಗೆ ಕವಿಯ ಅಭಿಪ್ರಾಯವನ್ನು ಆರೋಪಿಸಿದಂತೆ.

ನಿಜವಾದ ಸ್ವರ ತಿಳಿಯಲು ಮೂರು ಕಿಟಕಿಗಳಿವೆ. ಒಂದು, ಈಜಿಪ್ಟಿನ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್. ಗ್ರೀಕ್ ಅಕ್ಷರಗಳಲ್ಲಿ ಬರೆದದ್ದರಿಂದ ಅದರಲ್ಲಿ ಸ್ವರಗಳಿವೆ. ಎರಡು, ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ಮೊಳೆಲಿಪಿಯ ಪತ್ರಗಳಲ್ಲಿ ಬರುವ ಈಜಿಪ್ಟಿನ ಹೆಸರುಗಳು. ಮೂರು, ಗ್ರೀಕರು ಕೇಳಿ ಬರೆದುಕೊಂಡವು. ಇವುಗಳಲ್ಲಿ ಕೊನೆಯೆರಡು ಒಂದಕ್ಕೊಂದು ಸಾಕ್ಷಿ ನುಡಿಯುವುದನ್ನು ‘ಈಜಿಪ್ಟ್’ ಎಂಬ ಹೆಸರಿನಲ್ಲೇ ನೋಡಬಹುದು.

ಗ್ರೀಕಿನಲ್ಲಿ ಆ ದೇಶ ‘ಐಗುಪ್ತೋಸ್’. ಗ್ರೀಕರ ಪುರಾಣ ಕೇಳಿದರೆ ದನಾವೋಸನ ಸೋದರ ಐಗುಪ್ತೋಸ್ ಎಂಬ ರಾಜನಿದ್ದ, ಅವನಿಂದ ದೇಶಕ್ಕೆ ಹೆಸರು ಬಂತು. ಹೆಸರನ್ನು ವಿವರಿಸಲು ರಾಜನೊಬ್ಬನನ್ನು ಸೃಷ್ಟಿಸುವುದು ಎಲ್ಲ ದೇಶಗಳ ಹಳೆಯ ಚಾಳಿ; ನಮ್ಮ ಸ್ಥಳಪುರಾಣಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ವಿದ್ವಾಂಸರು ಒಪ್ಪುವ ಮೂಲ ಮೆಂಫಿಸ್ ನಗರದ ದೇವಾಲಯದ ಹೆಸರು. ಅದರ ವ್ಯಂಜನಗಳು: ಹ-ವ-ತ, ಕ, ಪ-ತ-ಹ. ‘ಪ್ತಾಹ್ ದೇವರ ಕಾ, ಅಂದರೆ ಜೀವಶಕ್ತಿ, ಇರುವ ಮನೆ’ ಎಂದರ್ಥ. ಈ ಮೂರು ತುಂಡುಗಳಿಂದ ‘ಐಗುಪ್ತೋಸ್’ ಹೇಗಾಯಿತು ಎಂದು ಬರಿಗಣ್ಣಿಗೆ ಹೊಳೆಯುವುದಿಲ್ಲ. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ, ಕ್ರಿ.ಪೂ. 14ನೇ ಶತಮಾನದ ಮೊಳೆಲಿಪಿ ಪತ್ರಗಳಲ್ಲಿ ಇದೇ ಹೆಸರು ‘ಹಿಕುಪ್ತಾಹ್’ ಎಂದಿದೆ. ‘ಹವತ್’ನ ಕೊನೆಯ ಸ್ತ್ರೀಲಿಂಗದ ‘ತ’ ಆ ಹೊತ್ತಿಗಾಗಲೇ ಮಾತಿನಲ್ಲಿ ಬಿದ್ದುಹೋಗಿ ‘ಹಿ’ ಉಳಿದಿತ್ತು, ‘ಕಾ’ ಎಂಬುದು ‘ಕು’ ಎಂದು ಕೇಳುತ್ತಿತ್ತು ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಾಕ್ಷಿ ಕ್ರೀಟ್ ದ್ವೀಪದ ಕ್ನೋಸೋಸ್‌ನದು. ಅಲ್ಲಿನ, ಹಳೆಯ ಗ್ರೀಕನ್ನು ಬರೆಯಲು ಬಳಸಿದ ಲೀನಿಯರ್ ಬಿ ಲಿಪಿಯ ಮಣ್ಣಿನ ಹಲಗೆಯೊಂದರಲ್ಲಿ ‘ಐ-ಕು-ಪಿ-ತಿ-ಯೊ’ ಎಂಬ ವ್ಯಕ್ತಿಯ ಹೆಸರಿದೆ, ‘ಈಜಿಪ್ಟಿನವನು’ ಎನ್ನುವ ಹಾಗೆ. ಈ ಲಿಪಿಯನ್ನು ಮೈಕಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದರು. ಇಲ್ಲೊಂದು ಎಚ್ಚರ ಬೇಕು: ಲೀನಿಯರ್ ಬಿಯಲ್ಲಿ ಕ, ಗ, ಖ ಮೂರಕ್ಕೂ ಒಂದೇ ಗುರುತು. ‘ಕು’ ಎಂದು ಓದಿದ್ದು ಬಾಯಲ್ಲಿ ‘ಗು’ ಆಗಿದ್ದಿರಬಹುದು. ಲಿಪಿ ಮುಚ್ಚಿಡುವುದನ್ನು ಲಿಪಿಯಿಂದ ಸಾಧಿಸಲು ಹೋಗಬಾರದು. ‘ಹಿ’ ಎಂಬುದು ‘ಐ’ ಆದದ್ದಕ್ಕೆ, ‘ಕ’ ಎಂಬುದು ‘ಗ’ ಆದದ್ದಕ್ಕೆ ಕಟ್ಟುನಿಟ್ಟಾದ ನಿಯಮವನ್ನು ಯಾರೂ ತೋರಿಸಿಲ್ಲ. ಆದರೂ ಈ ವ್ಯುತ್ಪತ್ತಿಯನ್ನು ಒಪ್ಪುತ್ತಾರೆ. ‘ಕು-ಪ್ತ’ ಎಂಬ ಅಪರೂಪದ ಜೋಡಣೆ ಮೂರು ಲಿಪಿಗಳಲ್ಲಿ, ಸರಿಯಾದ ಶತಮಾನದಲ್ಲಿ, ಸರಿಯಾದ ನೆಲಕ್ಕೆ ಅಂಟಿಕೊಂಡು ಸಿಕ್ಕಿದೆ. ಅರಬ್ಬಿಯ ‘ಕಿಬ್ತ್’, ಅಲ್ಲಿಂದ ಬಂದ ‘ಕಾಪ್ಟ್’ ಎರಡೂ ಈ ಗ್ರೀಕ್ ಹೆಸರಿನ ಮರಿಗಳೇ.

ವಸ್ತುವಿನೊಡನೆ ನಡೆದು ಬಂದ ಪದಗಳು ಇಷ್ಟು ಸತಾಯಿಸುವುದಿಲ್ಲ. ಶವಗಳನ್ನು ಒಣಗಿಸಲು ಬಳಸುತ್ತಿದ್ದ ಉಪ್ಪಿನಂಥ ಖನಿಜ ಈಜಿಪ್ಟಿನಲ್ಲಿ ‘ನ-ತ್ಯ-ರ-ಯ’, ಹೀಬ್ರೂವಿನಲ್ಲಿ ‘ನೆತೆರ್’, ಗ್ರೀಕಿನಲ್ಲಿ ‘ನಿತ್ರೋನ್’, ಅರಬ್ಬಿಯಲ್ಲಿ ‘ನತ್ರೂನ್’. ಇದರಿಂದಲೇ ‘ನೇಟ್ರಿಯಂ’, ಸೋಡಿಯಂಗೆ ಎನ್‌ಎ ಎಂಬ ಸಂಕೇತ ಯಾಕೆ ಎಂದು ತಲೆ ಕೆರೆದುಕೊಂಡ ಹೈಸ್ಕೂಲು ಮಕ್ಕಳಿಗೆ ಉತ್ತರ ಇಲ್ಲಿದೆ. ಕರಿಮರಕ್ಕೆ ಈಜಿಪ್ಟಿನಲ್ಲಿ ‘ಹ-ಬ-ನ-ಯ’, ಗ್ರೀಕಿನಲ್ಲಿ ‘ಎಬೆನೋಸ್’, ಇಂಗ್ಲಿಷಿನಲ್ಲಿ ‘ಎಬನಿ’. ಇಟ್ಟಿಗೆಗೆ ಕಾಪ್ಟಿಕ್‌ನಲ್ಲಿ ‘ತೋಬೆ’, ಅರಬ್ಬಿಯಲ್ಲಿ ‘ಅತ್ತೂಬ್’, ಸ್ಪೇನಿನಲ್ಲಿ ‘ಅದೋಬೆ’. ಮರುಭೂಮಿಯ ನೀರಿನ ತಾಣಕ್ಕೆ ಈಜಿಪ್ಟಿನಲ್ಲಿ ‘ವ-ಹ-ತ’, ಕಾಪ್ಟಿಕ್‌ನಲ್ಲಿ ‘ವಾಹೆ’, ಗ್ರೀಕಿನಲ್ಲಿ ‘ಓಯಸಿಸ್’. ಈ ಕೊನೆಯದರಲ್ಲಿ ಪರಭಾಷೆಯ ‘ವ’ ಗ್ರೀಕರ ಬಾಯಲ್ಲಿ ‘ಓ’ ಆಗಿರುವುದನ್ನು ನೆನಪಿಡಿ. ಅಕ್ಕಿಯ ವಿಚಾರದಲ್ಲಿ ಬೇಕಾಗುತ್ತದೆ.

ಬಂದರಿನ ಮಾತು, ಪಂಡಿತರ ಮಾತಲ್ಲ

ಭಾರತದಿಂದ ಹೋದ ಪದಗಳನ್ನು ಹಿಡಿಯುವಾಗ ನಾವು ಮಾಡುವ ಮೊದಲ ತಪ್ಪು ಸಂಸ್ಕೃತ ನಿಘಂಟು ತೆರೆಯುವುದು. ಸಕ್ಕರೆಯನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ‘ಶರ್ಕರಾ’, ಗ್ರೀಕಿನಲ್ಲಿ ‘ಸಾಕ್ಖರೋನ್’. ಕ್ರಿ.ಶ. 1ನೇ ಶತಮಾನದ ಗ್ರೀಕ್ ವರ್ತಕನ ಸಮುದ್ರಯಾನದ ಕೈಪಿಡಿ ‘ಪೆರಿಪ್ಲಸ್’ ಇದನ್ನು ‘ಸಾಕ್ಖರಿ ಎಂಬ ಜೊಂಡಿನ ಜೇನು’ ಎನ್ನುತ್ತದೆ. ಸಂಸ್ಕೃತದಿಂದಲೇ ಹೋಗಿದ್ದರೆ ಮೊದಲ ‘ರ’ಕಾರ ಉಳಿಯಬೇಕಿತ್ತು, ಗ್ರೀಕರಿಗೆ ‘ರ್ಕ’ ಹೇಳಲು ಯಾವ ಕಷ್ಟವೂ ಇರಲಿಲ್ಲ. ‘ರ್ಕ’ ಹೋಗಿ ‘ಕ್ಖ’ ಬಂದಿದೆ ಎಂದರೆ ಅವರು ಕೇಳಿದ್ದು ಪ್ರಾಕೃತದ ‘ಸಕ್ಖರಾ’. ಕನ್ನಡದ ‘ಸಕ್ಕರೆ’ ಕೂಡ ಅದೇ ಅಂಗಡಿಯಿಂದ ಬಂದದ್ದು.

ಮೆಣಸಿನ ಕಥೆ ಇನ್ನೂ ಅಚ್ಚುಕಟ್ಟು. ‘ಪಿಪ್ಪಲೀ’ ಗ್ರೀಕಿನಲ್ಲಿ ‘ಪೆಪೆರಿ’ ಆಯಿತು. ‘ಲ’ ಎಲ್ಲಿ ಹೋಯಿತು? ಗ್ರೀಕಿನಲ್ಲಿ ‘ಲ’ ಧಾರಾಳವಾಗಿದೆ, ಹಾಗಾಗಿ ಅವರು ಅದನ್ನು ‘ರ’ ಮಾಡಬೇಕಾಗಿರಲಿಲ್ಲ. ನಡುವೆ ‘ಲ’ ಇಲ್ಲದ ಭಾಷೆಯೊಂದು ಇದ್ದಿರಬೇಕು. ಹಳೆಯ ಪರ್ಷಿಯನ್ ಅಂಥದ್ದು: ‘ಬಾಬಿಲು’ ನಗರವನ್ನು ದಾರಯವಹುಷ, ಅಂದರೆ ಪರ್ಷಿಯಾದ ಅರಸ ಡೇರಿಯಸ್, ತನ್ನ ಶಾಸನದಲ್ಲಿ ‘ಬಾಬಿರುಷ್’ ಎಂದು ಬರೆಸಿದ್ದಾನೆ. ಊಹೆಗೆ ಬೇಕಾದ ಎರಡನೆಯ ಉದಾಹರಣೆ ಸಿಕ್ಕಿತು. ಅದರ ಮೇಲೆ ನೇರ ಸಾಕ್ಷಿಯೂ ಇದೆ: ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ವೈದ್ಯಬರಹಗಳಲ್ಲಿ ‘ಪರ್ಷಿಯನ್ನರು ಪೆಪೆರಿ ಎನ್ನುವ ಭಾರತದ ಔಷಧ’ ಎಂಬ ಅರ್ಥದ ಮಾತು ಬರುತ್ತದೆ.

ಪಿಪ್ಪಲಿ ಎಂದರೆ ಕಾಳುಮೆಣಸಲ್ಲ, ನಮ್ಮ ಹಿಪ್ಪಲಿ. ಮೊದಲು ಪಶ್ಚಿಮಕ್ಕೆ ಹೋದದ್ದು ಉದ್ದನೆಯ ಹಿಪ್ಪಲಿ. ಆಮೇಲೆ ಅದೇ ಹೆಸರನ್ನು ಮಲಬಾರಿನ ಕಾಳುಮೆಣಸು ಹೊತ್ತುಕೊಂಡಿತು. ರೋಮಿನ ಪ್ಲಿನಿ 1ನೇ ಶತಮಾನದಲ್ಲಿ ಪೌಂಡಿಗೆ ಬೆಲೆ ಕೊಡುತ್ತಾನೆ: ಹಿಪ್ಪಲಿ 15 ದಿನಾರಿಯಸ್ (ರೋಮಿನ ಬೆಳ್ಳಿ ನಾಣ್ಯ), ಬಿಳಿಮೆಣಸು 7, ಕರಿಮೆಣಸು 4. ಅಗ್ಗದ್ದು ದುಬಾರಿಯದರ ಹೆಸರು ಪಡೆಯಿತು. ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ ಉತ್ಖನನ ಮಾಡಿದಾಗ ಭಾರತದ ಮಣ್ಣಿನ ಗುಡಾಣವೊಂದರಲ್ಲಿ 7.5 ಕಿಲೋ ಕರಿಮೆಣಸು ಸಿಕ್ಕಿತು. ಅಲ್ಲೂ, ಅದೇ ಕರಾವಳಿಯ ಕುಸೇರ್ ಅಲ್-ಕದೀಮ್‌ನಲ್ಲೂ ತಮಿಳು-ಬ್ರಾಹ್ಮಿ ಅಕ್ಷರಗಳಿರುವ ಮಡಕೆಯ ಚೂರುಗಳು ಸಿಕ್ಕಿವೆ. ದಕ್ಷಿಣ ಭಾರತದ ಭಾಷೆಯಾಡುವ ಜನ ಈಜಿಪ್ಟಿನ ದಡದಲ್ಲಿ ನಿಂತಿದ್ದರು ಎನ್ನಲು ಇನ್ನೇನು ಬೇಕು. ಆದರೆ ಜನ ಹೋಗಿದ್ದರು ಎಂಬ ಮಾತ್ರಕ್ಕೆ ಇಂತಿಂಥ ಪದವೂ ಹೋಯಿತು ಎನ್ನಲಾಗದು. ದಾರಿ ಇರಬೇಕು ನಿಜ, ಅದೊಂದೇ ಸಾಲದು.

ಶುಂಠಿಯಲ್ಲಿ ಎಲ್ಲ ಪರೀಕ್ಷೆಗಳೂ ಒಟ್ಟಿಗೆ ಪಾಸಾಗುತ್ತವೆ. ಗ್ರೀಕಿನ ‘ಜಿಂಗಿಬೆರಿಸ್’ 1ನೇ ಶತಮಾನದ ವೈದ್ಯ ಡಯಾಸ್ಕೊರಿಡೀಸನಲ್ಲಿದೆ. ಪಾಲಿಯಲ್ಲಿ ‘ಸಿಂಗಿವೇರ’, ಸಂಸ್ಕೃತದಲ್ಲಿ ‘ಶೃಂಗವೇರ’. ಸಂಸ್ಕೃತದವರು ಇದನ್ನು ‘ಕೊಂಬಿನಂಥ ಮೈಯುಳ್ಳದ್ದು’ ಎಂದು ಬಿಡಿಸುತ್ತಾರೆ. ಶುಂಠಿಯ ಆಕಾರ ನೋಡಿದರೆ ಹೌದಲ್ಲ ಎನಿಸುತ್ತದೆ. ಹಾಗೆ ಎನಿಸುವುದರಿಂದಲೇ ಅನುಮಾನ ಪಡಬೇಕು. ಪರಕೀಯ ಪದ ಬಂದಾಗ ಭಾಷೆ ಅದನ್ನು ತನ್ನ ಪದಗಳಂತೆ ತಿದ್ದಿಕೊಳ್ಳುತ್ತದೆ. ಕೇಳಬೇಕಾದ ಪ್ರಶ್ನೆ: ತುಂಡು ಮಾಡಿದರೆ ಎರಡು ತುಂಡೂ ಯಾವ ಭಾಷೆಯಲ್ಲಿ ಸ್ವಂತ ಕಾಲಮೇಲೆ ನಿಲ್ಲುತ್ತವೆ? ದ್ರಾವಿಡದಲ್ಲಿ ‘ವೇರ್’ ಎಂದರೆ ಬೇರು. ತಮಿಳು, ಮಲಯಾಳದಲ್ಲಿ ಇಂದಿಗೂ ‘ವೇರ್’. ಕನ್ನಡದಲ್ಲಿ ಪದದ ಮೊದಲ ‘ವ’ ‘ಬ’ ಆಗಿ ‘ಬೇರು’. ಉಳಿದ ತುಂಡು ತಮಿಳಿನ ‘ಇಂಜಿ’, ಅಂದರೆ ಹಸಿಶುಂಠಿ.

ಇಂಜಿಯಲ್ಲಿ ‘ಸ’ ಇಲ್ಲವಲ್ಲ? ದಕ್ಷಿಣದ ದ್ರಾವಿಡ ಭಾಷೆಗಳಲ್ಲಿ ಹಲವು ಪದಗಳ ಮೊದಲ ‘ಚ/ಸ’ ಉದುರಿಹೋಗಿದೆ. ಕನ್ನಡ, ತಮಿಳುಗಳಲ್ಲಿ ‘ಆರು’, ಮಧ್ಯ ಭಾರತದ ದ್ರಾವಿಡ ನುಡಿಯಾದ ಗೊಂಡಿಯಲ್ಲಿ ‘ಸಾರುಂಗ್’. ಅದೇ ರೀತಿ ‘ಇಂಜಿ’ಯ ಹಿಂದೆ ‘ಚಿಂಗಿ’ಯಂಥ ಹಳೆಯ ರೂಪವನ್ನು ಊಹಿಸಬಹುದು. ಸಾಲದ ಪದದ ಉಪಯೋಗ ಇಲ್ಲಿದೆ: ಮನೆಯಲ್ಲಿ ಸವೆದುಹೋದ ಧ್ವನಿ ಸಾಲ ಪಡೆದವರ ಮನೆಯಲ್ಲಿ ಉಳಿದುಕೊಂಡಿದೆ. ಇಂಗ್ಲಿಷಿನ ‘ಜಿಂಜರ್’ ಪದದ ಬಾಲದಲ್ಲಿ ನಮ್ಮ ‘ಬೇರು’ ಇದೆ ಎಂದು ಧೈರ್ಯವಾಗಿ ಹೇಳಬಹುದು. ತಮಾಷೆಯೆಂದರೆ ಕನ್ನಡದಲ್ಲೇ ಆ ಪೂರ್ಣ ಪದ ಬಳಕೆಯಲ್ಲಿಲ್ಲ. ನಾವು ಸಂಸ್ಕೃತದ ‘ಶುಂಠೀ’ ಹಿಡಿದೆವು, ಉತ್ತರ ಕರ್ನಾಟಕದವರು ‘ಅಲ್ಲ’ ಎನ್ನುತ್ತಾರೆ.

ಎಡವುವ ಜಾಗಗಳು

ಅಕ್ಕಿಯ ವಿಚಾರಕ್ಕೆ ಬಂದರೆ ಇದೇ ಉತ್ಸಾಹ ಕೈಕೊಡುತ್ತದೆ. ಗ್ರೀಕಿನ ‘ಓರೂಜಾ’ ತಮಿಳಿನ ‘ಅರಿಸಿ’ಯಿಂದ ಬಂತು ಎಂಬುದು ಎಷ್ಟೋ ಪುಸ್ತಕಗಳಲ್ಲಿ ಸಿದ್ಧಾಂತವೆಂಬಂತೆ ಅಚ್ಚಾಗಿದೆ. ‘ಅ’ ಯಾಕೆ ‘ಓ’ ಆಯಿತು, ‘ಸ’ ಯಾಕೆ ‘ಜ’ ಆಯಿತು ಎಂದು ಕೇಳಿದರೆ ಆ ಪುಸ್ತಕಗಳಲ್ಲಿ ಉತ್ತರವಿಲ್ಲ. ಓಯಸಿಸ್‌ನಲ್ಲಿ ಕಂಡ ‘ವ’ದಿಂದ ‘ಓ’ ಇಲ್ಲಿ ದಾರಿ ತೋರಿಸುತ್ತದೆ: ‘ವ್ರಿ–’ ಎಂದು ಶುರುವಾಗುವ ಪದ ಬೇಕು. ಸಂಸ್ಕೃತದಲ್ಲಿ ‘ವ್ರೀಹಿ’ ಇದೆ, ಅಫ್ಘಾನಿಸ್ತಾನದ ಕಡೆಯ ಪಷ್ತೋದಲ್ಲಿ ‘ವ್ರಿಝೆ’ಯಂಥ ರೂಪವಿದೆ. ಸಂಸ್ಕೃತದ ‘ಹ’ಕ್ಕೆ ಇರಾನಿನ ಭಾಷೆಗಳಲ್ಲಿ ‘ಜ’ ಬರುವುದು ನಿಯಮ. ‘ಅಹಂ’ ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ ‘ಅಜೆಮ್’. ಕಾಲವೂ ಹೊಂದುತ್ತದೆ. ಅಲೆಕ್ಸಾಂಡರನ ಸೈನ್ಯ ಕ್ರಿ.ಪೂ. 327ರಿಂದ 325ರವರೆಗೆ ವಾಯವ್ಯದಲ್ಲಿತ್ತು, ಅದಾದ ಮೇಲೆ ಗಿಡಮರಗಳ ಬಗ್ಗೆ ಬರೆದ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಭತ್ತದ ಗಿಡವನ್ನು ವಿವರಿಸುತ್ತಾನೆ. ಗ್ರೀಕರಿಗೆ ಪದ ಕೊಟ್ಟದ್ದು ಇರಾನಿನ ಕಡೆಯ ಭಾಷೆ ಎಂಬ ವಾದ ಇದರಿಂದ ಬಲವಾಗಿದೆ. ‘ವ್ರೀಹಿ’ಗೂ ತೆಲುಗಿನ ‘ವರಿ’, ತಮಿಳಿನ ‘ಅರಿಸಿ’, ತುಳುವಿನ ‘ಅರಿ’, ನಮ್ಮ ‘ಅಕ್ಕಿ’ಗೂ ಆಳದಲ್ಲಿ ನಂಟಿದೆಯೇ ಎಂಬುದು ಬೇರೆಯದೇ ಪ್ರಶ್ನೆ, ಇನ್ನೂ ತೀರ್ಮಾನವಾಗಿಲ್ಲ. ‘ಗ್ರೀಕರಿಗೆ ಯಾರು ಕೊಟ್ಟರು’ ಮತ್ತು ‘ಮೊಟ್ಟಮೊದಲು ಯಾರದು’ ಎಂಬ ಎರಡನ್ನು ಕಲಸಿದರೆ ಎರಡೂ ಕೆಡುತ್ತವೆ.

ಬೆರಿಲ್ ಹರಳಿನ ಹೆಸರು ನಮ್ಮ ಬೇಲೂರಿನಿಂದ ಬಂತು ಎಂಬ ಮಾತು ಇಂಗ್ಲಿಷ್ ನಿಘಂಟುಗಳ ಮೂಲಕವೇ ಹರಡಿದೆ. ಗ್ರೀಕಿನ ‘ಬೇರುಲ್ಲೋಸ್’ ಪ್ರಾಕೃತದ ‘ವೇರುಳಿಯ’ದಿಂದ, ಪಾಲಿಯಲ್ಲಿ ‘ವೇಳುರಿಯ’, ಸಂಸ್ಕೃತದಲ್ಲಿ ‘ವೈಡೂರ್ಯ’. ಇಷ್ಟರಲ್ಲಿ ತಕರಾರಿಲ್ಲ. ಜರ್ಮನರು ಕನ್ನಡಕಕ್ಕೆ ‘ಬ್ರಿಲ್ಲೆ’ ಎನ್ನುವುದೂ ಇದರಿಂದಲೇ. ಊರಿನ ಹೆಸರಿನಿಂದ ಬಂದಿದೆ ಎಂದು ಸ್ವತಃ ಪಾಣಿನಿ ‘ವಿದೂರ’ ಎಂಬ ಸ್ಥಳವನ್ನು ಹೇಳಿ ಸೂತ್ರ ಕೊಟ್ಟಿದ್ದಾನೆ. ಆದರೆ ಆ ಊರು ಹಾಸನದ ಬೇಲೂರೇ ಎನ್ನಲು ಏನಿದೆ? ಹೆಸರಿನ ಹೋಲಿಕೆ ಬಿಟ್ಟರೆ ಏನೂ ಇಲ್ಲ. 1117ರ ಚೆನ್ನಕೇಶವನ ಹೊತ್ತಿನ ಪ್ರಸಿದ್ಧಿಯನ್ನು ಸಾವಿರ ವರ್ಷ ಹಿಂದಕ್ಕೆ ಎಳೆಯಲಾಗದು. ‘ವೇಳೂರು’ ಮಾದರಿಯ ಹೆಸರು ದಕ್ಷಿಣದಲ್ಲಿ ಒಂದೆರಡಲ್ಲ. ಬೆರಿಲ್ ತೆಗೆದ, ಮಣಿ ಮಾಡಿದ ಹಳೆಯ ನೆಲೆಗಳೆಂದು ಗೊತ್ತಿರುವ ಪಡಿಯೂರು, ಕೊಡುಮಣಲ್ ಎರಡೂ ಇಂದಿನ ತಮಿಳುನಾಡಿನ ಕೊಂಗುನಾಡಿನಲ್ಲಿವೆ. ಅಭಿಮಾನಕ್ಕೆ ನೋವಾದರೂ ಬೇಲೂರನ್ನು ಈ ಪಟ್ಟಿಯಿಂದ ಬಿಡುವುದೇ ಸರಿ.

ನವಿಲಿನ ಕಥೆಯಲ್ಲಿ ಈಜಿಪ್ಟು ಮತ್ತು ದ್ರಾವಿಡ ನೇರ ಎದುರಾಗುತ್ತವೆ. ಹೀಬ್ರೂ ಬೈಬಲಿನಲ್ಲಿ ಸೊಲೊಮೋನನ ಹಡಗುಗಳು ಮೂರು ವರ್ಷಕ್ಕೊಮ್ಮೆ ಚಿನ್ನ, ಬೆಳ್ಳಿ, ದಂತ, ‘ಕೋಫೀಮ್’ ಮತ್ತು ‘ತುಕ್ಕೀಯೀಮ್’ ತಂದವು ಎಂದಿದೆ. ಕೋಫೀಮ್ ಎಂದರೆ ಕಪಿಗಳು. ತುಕ್ಕೀ ಎಂದರೆ ನವಿಲು, ಅದು ತಮಿಳಿನ ‘ತೋಗೈ’ (ಗರಿಯ ಬಾಲ, ಕನ್ನಡದಲ್ಲಿ ‘ತೋಕೆ’ ಎಂದರೆ ಬಾಲ) ಎಂಬುದು ದಕ್ಷಿಣ ಭಾರತದಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ಮಾತು. ಈಗ ಈಜಿಪ್ಟಿನ ಕಡೆ ನೋಡಿ. ಕ್ರಿ.ಪೂ. ಸುಮಾರು 1900ರ ಹಡಗೊಡೆದ ನಾವಿಕನ ಕಥೆಯಲ್ಲಿ ಉಡುಗೊರೆಗಳ ಪಟ್ಟಿಯಿದೆ: ಆನೆಯ ದಂತ, ಬೇಟೆನಾಯಿ, ‘ಗ-ವ-ಫ’, ‘ಕ-ಯ’. ಕೊನೆಯೆರಡೂ ಕೋತಿಯ ಜಾತಿಗಳು. ‘ಗವಫ’ ಹೀಬ್ರೂವಿನ ‘ಕೋಫ್’ಗೆ ಹೊಂದುತ್ತದೆ. ‘ಕಯ’ಕ್ಕೆ ಮುಂದಿನ ಕಾಲದ ಈಜಿಪ್ಟಿನಲ್ಲಿ ಬಂದ ಸ್ತ್ರೀಲಿಂಗದ ‘ತಾ’ ಎಂಬ ಪೂರ್ವಪದ ಸೇರಿದರೆ ‘ತಾ-ಕಯ’. ಬೈಬಲಿನಲ್ಲಿ ದಂತದ ಬೆನ್ನಿಗೆ ಬರುವ ಎರಡು ಪ್ರಾಣಿಗಳು ಈಜಿಪ್ಟಿನ ಪಟ್ಟಿಯಲ್ಲೂ ದಂತದ ಜೊತೆಗೇ ಬರುತ್ತವೆ. ಅಮೆರಿಕದ ವಿದ್ವಾಂಸ ಆಲ್‌ಬ್ರೈಟ್ ಈ ಕಾರಣಕ್ಕೆ ತುಕ್ಕೀ ನವಿಲಲ್ಲ, ಕೋತಿಯ ಒಂದು ಬಗೆ ಎಂದರು. ಒಂಟಿ ಪದಕ್ಕಿಂತ ಒಟ್ಟಿಗೆ ಬರುವ ಜೋಡಿಗೆ ತೂಕ ಹೆಚ್ಚು. ನನಗೆ ಈ ವಾದವೇ ಮೇಲು ಎನಿಸುತ್ತದೆ. ಇನ್ನು ನಮ್ಮ ‘ಕಪಿ’: ಅದು ಋಗ್ವೇದದಲ್ಲೇ ಇದೆ, ಆದರೆ ಈಜಿಪ್ಟಿನ ಬರಹ ಅದಕ್ಕಿಂತ ಹಳೆಯದು. ಗ್ರೀಕಿನ ‘ಕೇಪೋಸ್’ ಕೂಡ ಸೇರಿ ಇದು ದೇಶ ಸುತ್ತಿದ ಪದವಾಗಿರಬಹುದು, ಬಾಣದ ಗುರುತು ಯಾವ ಕಡೆಗೆ ಎಂದು ಹಾಕಲು ಸಾಕ್ಷಿ ಸಾಲದು.

ಆಕ್ಸಿರಿಂಕಸ್‌ನ ‘ಕನ್ನಡ’

ಗ್ರೀಕ್, ಈಜಿಪ್ಟ್, ಕನ್ನಡ ಮೂರೂ ಒಂದೇ ಹಾಳೆಯ ಮೇಲೆ ಸೇರುತ್ತವೆ ಎನ್ನುವ ಒಂದು ಪ್ರಕರಣವಿದೆ. ಕೈರೋದಿಂದ ಸುಮಾರು 160 ಕಿಲೋಮೀಟರ್ ದಕ್ಷಿಣಕ್ಕಿರುವ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಪಪೈರಸ್‌ಗಳಲ್ಲಿ (ಜೊಂಡಿನಿಂದ ಮಾಡಿದ ಹಾಳೆಗಳು) 413ನೆಯದು ಒಂದು ಗ್ರೀಕ್ ಪ್ರಹಸನ. ಪ್ರಕಟವಾದದ್ದು 1903ರಲ್ಲಿ, ಬರಹ ಕ್ರಿ.ಶ. 2ನೇ ಶತಮಾನದ್ದು. ಖರಿತಿಯೋನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ರಾಜನ ಸೆರೆಯಲ್ಲಿದ್ದಾಳೆ. ಅವಳ ಕಡೆಯವರು ರಾಜನಿಗೆ ಹೆಂಡ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ರಾಜ ಮತ್ತವನ ಜನ ಆಡುವ ಮಾತು ಗ್ರೀಕಲ್ಲ. 1904ರಲ್ಲಿ ಶಾಸನತಜ್ಞ ಹುಲ್ಟ್ಷ್ ಅದು ಕನ್ನಡವೆಂದರು. ಶಾಮಾಶಾಸ್ತ್ರಿ, ಗೋವಿಂದ ಪೈ ಚರ್ಚೆಯನ್ನು ಮುಂದುವರಿಸಿದರು. 1926ರಲ್ಲಿ ಬ್ರಿಟಿಷ್ ವಿದ್ವಾಂಸ ಬಾರ್ನೆಟ್ ಇದನ್ನು ಒಪ್ಪಲಿಲ್ಲ. ತುಳು ಎಂದವರೂ ಇದ್ದಾರೆ.

ಹತ್ತಿರದಿಂದ ನೋಡೋಣ. ಪಪೈರಸ್‌ನಲ್ಲಿರುವುದು: ‘ಬೆರೇ ಕೊನ್ಜೆಯ್ ದಮುನ್ ಪೆತ್ರೆಕಿಯೋ ಪಕ್ತೆಯ್’. ಹುಲ್ಟ್ಷ್ ಓದಿದ್ದು: ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’. ಕೇಳಿದ ತಕ್ಷಣ ಕನ್ನಡಿಗನ ಮೈ ಜುಮ್ಮೆನ್ನುತ್ತದೆ. ಜುಮ್ಮೆನ್ನಲಿ, ಆಮೇಲೆ ಪೆನ್ಸಿಲ್ ಹಿಡಿಯಿರಿ.

‘ಹಾಕಿ’ ಮೊದಲು. ಕನ್ನಡದಲ್ಲಿ ಪಕಾರ ಹಕಾರವಾದದ್ದು ಶಾಸನಗಳಲ್ಲಿ ಕಾಣಲು ಶುರುವಾಗುವುದು ಸುಮಾರು 10ನೇ ಶತಮಾನದಿಂದ. 2ನೇ ಶತಮಾನದಲ್ಲಿ ‘ಹಾಕಿ’ ಇರಲು ಸಾಧ್ಯವಿಲ್ಲ, ‘ಪ’ ಇರಬೇಕು. ಪಪೈರಸ್‌ನಲ್ಲಿ ಇರುವುದೂ ‘ಪಕ್ತೆಯ್’! ಮೊದಲ ಧ್ವನಿ ಪಾಸು. ಆದರೆ ನಡುವಿನ ‘ತ’ ಎಲ್ಲಿಂದ ಬಂತು? ಉತ್ತರವಿಲ್ಲ. ‘ಬೇರೆ’: ಮೊದಲ ‘ವ’ ‘ಬ’ ಆದದ್ದು ಹಲ್ಮಿಡಿ ಶಾಸನದ ಹೊತ್ತಿಗೆ, ಅಂದರೆ ಸುಮಾರು 450ಕ್ಕೆ ಆಗಿಹೋಗಿತ್ತು, ಅಲ್ಲಿ ‘ಬಾಳ್’ ಇದೆ, ‘ವಾಳ್’ ಅಲ್ಲ. ಹಾಗಾದರೆ 2ನೇ ಶತಮಾನದಲ್ಲಿ ಎರಡರಲ್ಲಿ ಯಾವುದಾದರೂ ಇರಬಹುದು. ಇತ್ತ ಗ್ರೀಕಿನ ‘ಬೀಟಾ’ ಅಕ್ಷರವೂ ಆ ಕಾಲದಲ್ಲಿ ‘ವ’ದ ಕಡೆ ವಾಲುತ್ತಿತ್ತು. ಎರಡೂ ಕಡೆ ಸಡಿಲವಿರುವಲ್ಲಿ ಹೊಂದಿಕೆಯಾಯಿತು ಎಂಬುದಕ್ಕೆ ಬೆಲೆಯಿಲ್ಲ.

ಹೆಚ್ಚು ತೊಂದರೆ ಕೊಡುವುದು ‘ಮಧು’. ಇಲ್ಲಿ ಅದು ‘ದಮುನ್’, ಅಕ್ಷರಗಳು ಅದಲುಬದಲು. ಇನ್ನೊಂದು ಸಾಲು ‘ಪನೂಂಬ್ರೇತಿಕತೆಮನೂಅಂಬ್ರೇತೂಊಎನಿ’. ಹುಲ್ಟ್ಷ್ ಓದಿನಲ್ಲಿ ‘ಪಾನಂ ಬೇರ್ ಎತ್ತಿ ಕಟ್ಟಿ ಮಧುವಂ ಬೇರ್ ಎತ್ತುವೆನು’. ಇಲ್ಲಿ ಅದೇ ‘ಮಧುವಂ’ಗೆ ‘ಮನೂಅಂ’. ಒಂದು ಕಡೆ ‘ಧ’ ಮುಂದಕ್ಕೆ ಜಿಗಿದು ‘ದ’ ಆಗಿದೆ, ಇನ್ನೊಂದು ಕಡೆ ಇದ್ದಲ್ಲೇ ‘ನ’ ಆಗಿದೆ. ಒಂದೇ ಪದಕ್ಕೆ ಎರಡು ಬೇರೆ ಬೇರೆ ವಿನಾಯಿತಿ ಕೇಳುವ ಓದು ಬಲವಾದ ಓದಲ್ಲ.

ಪರವಾಗಿ ಇರುವುದನ್ನೂ ಮುಚ್ಚಿಡಬಾರದು. ಇದೇ ಎರಡನೆಯ ಸಾಲಿನಲ್ಲಿ ‘–ಂಬ್ರೇತಿ’ ಮತ್ತು ‘–ಂಬ್ರೇತೂಊಎನಿ’ ಎಂಬ ತುಂಡುಗಳು ಮರಳಿ ಬರುತ್ತವೆ. ಒಂದೇ ಧಾತುವಿಗೆ ಒಮ್ಮೆ ‘–ಇ’, ಒಮ್ಮೆ ‘–ಉವೆನ್’ ಹತ್ತಿದ ಹಾಗಿದೆ: ‘ಎತ್ತಿ’, ‘ಎತ್ತುವೆನ್’. ಇದು ಪದಗಳ ಹೋಲಿಕೆಯಲ್ಲ, ವ್ಯಾಕರಣದ ಹೋಲಿಕೆ. ಆಕಸ್ಮಿಕವಾಗಿ ಸಿಗುವುದು ಇದು ಕಷ್ಟ. ಇಡೀ ವಾದದಲ್ಲಿ ಗಟ್ಟಿಯಾದದ್ದು ಇದೊಂದೇ ಎನ್ನಬಹುದು.

ಓದುವವನ ಕೈಯಲ್ಲಿ ಎಷ್ಟು ಸ್ವಾತಂತ್ರ್ಯವಿದೆ ಎಂದು ಲೆಕ್ಕ ಹಾಕದೆ ತೀರ್ಪು ಕೊಡಬಾರದು. ಗ್ರೀಕ್ ಲಿಪಿಯಲ್ಲಿ ತ–ಟ, ನ–ಣ, ಲ–ಳ ಭೇದವಿಲ್ಲ, ‘ಚ’ಕ್ಕೆ ಅಕ್ಷರವಿಲ್ಲ, ‘ಅ’ ಹ್ರಸ್ವವೋ ದೀರ್ಘವೋ ತಿಳಿಯದು. ಎಂಟು ಅಕ್ಷರದ ಪದದಲ್ಲಿ ಪ್ರತಿ ಅಕ್ಷರಕ್ಕೂ ಎರಡು ಆಯ್ಕೆ ಎಂದಿಟ್ಟುಕೊಂಡರೂ 256 ಓದುಗಳಾಗುತ್ತವೆ. ಪದ ಎಲ್ಲಿ ಮುಗಿಯುತ್ತದೆ ಎಂಬುದೂ ನಮ್ಮ ಆಯ್ಕೆಯಾದರೆ ಸಂಖ್ಯೆ ಇನ್ನೂ ಏರುತ್ತದೆ. ಅಷ್ಟರಲ್ಲಿ ಕನ್ನಡದ ಪದವೊಂದು ಸಿಗದೇ ಇರುವುದು ಕಷ್ಟ. ತುಳುವಿನದೂ ಸಿಗುತ್ತದೆ, ಮನಸ್ಸು ಮಾಡಿದರೆ ಇನ್ನೊಂದರದ್ದೂ ಸಿಗುತ್ತದೆ. ಅದಲ್ಲದೆ ಇದು ಪ್ರಹಸನ: ಪರದೇಶಿಯನ್ನು ನಗೆಪಾಟಲು ಮಾಡಲು ಬರೆದ ಗೊಣಗಾಟದಲ್ಲಿ ಪಶ್ಚಿಮ ಕರಾವಳಿಯಲ್ಲಿ ಕೇಳಿದ ನಾಲ್ಕು ನಿಜವಾದ ತುಣುಕುಗಳು ಬೆರೆತಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ‘ಯಾವುದೋ ದ್ರಾವಿಡ ನುಡಿಯ ಛಾಯೆ ಇರಬಹುದು’ ಎಂಬಲ್ಲಿಗೆ ಪುರಾವೆ ನಿಲ್ಲುತ್ತದೆ. ‘ಹಲ್ಮಿಡಿಗಿಂತ ಮುನ್ನೂರು ವರ್ಷ ಹಳೆಯ ಕನ್ನಡ ಈಜಿಪ್ಟಿನಲ್ಲಿ ಸಿಕ್ಕಿದೆ’ ಎಂಬ ತಲೆಬರಹಕ್ಕೆ ಅದು ಸಾಲದು.

ಇದನ್ನು ಬದಲಿಸಬಲ್ಲದ್ದು ಇನ್ನೊಂದು ಜಾಣ ಓದಲ್ಲ, ಹೊಸ ಸಾಕ್ಷಿ. ಆಕ್ಸಿರಿಂಕಸ್‌ನಿಂದ ಬಂದ ಲಕ್ಷಾಂತರ ಚೂರುಗಳಲ್ಲಿ ಪ್ರಕಟವಾಗಿರುವುದು ಸಣ್ಣ ಪಾಲು ಮಾತ್ರ. ‘ದಮುನ್’ ಅಥವಾ ‘ಕೊನ್ಜೆಯ್’ ಇನ್ನೊಂದು ಚೂರಿನಲ್ಲಿ ಬಂದು, ಪಕ್ಕದಲ್ಲಿ ಗ್ರೀಕ್ ಅರ್ಥ ಬರೆದಿದ್ದರೆ, ಆ ಅರ್ಥ ‘ಹೆಂಡ’ ಅಥವಾ ‘ಸ್ವಲ್ಪ’ ಎಂದಿದ್ದರೆ, ಹುಲ್ಟ್ಷ್ ಗೆದ್ದಂತೆ. ಬೇರೇನಾದರೂ ಇದ್ದರೆ ಕನ್ನಡ, ತುಳು ಎರಡೂ ವಾದಗಳು ಒಂದೇ ದಿನ ಮುಗಿಯುತ್ತವೆ.